ಫೋನಿನಲ್ಲಿ ಆಡುವ ನಾಟಕ: ಕೇಳುಗರೇ ‘ಲೈನ್ ಕೊಡು’ ಎಂದಾಗ ಕಲಾವಿದೆ ಏನು ಮಾಡಬೇಕಿತ್ತು?

ಸಾಗರದ ಹವ್ಯಾಸಿ ಕಲಾವಿದೆ

ಎಲ್ಲರಿಗೂ ನಮಸ್ಕಾರ. ನಾವು ಸಾಗರ ತಾಲ್ಲೂಕಿನ ಐವರು ಹವ್ಯಾಸಿ ಕಲಾವಿದರು. ಆಷಾಢದ ಮಳೆಯಲ್ಲಿ ಬಯಲಾಟವಿರುವುದಿಲ್ಲ, ರಾತ್ರಿ ಹೊತ್ತು ರಂಗಮಂದಿರಕ್ಕೆ ಬನ್ನಿ ಎಂದು ಯಾರನ್ನೂ ಕರೆಯುವ ಹಾಗೂ ಇರುವುದಿಲ್ಲ. ಆದ್ದರಿಂದ ಕಳೆದ ಮಳೆಗಾಲದಲ್ಲಿ ಫೋನಿನಲ್ಲಿಯೇ ಆಡುವ ಒಂದು ನಾಟಕವನ್ನು ಕಟ್ಟಿದೆವು. ಇದು ಮುದ್ರಿಸಿಟ್ಟುಕೊಂಡು ಕೇಳಿಸುವ ಬಾನುಲಿ ನಾಟಕವಲ್ಲ. ಗೊತ್ತುಮಾಡಿದ ಹೊತ್ತಿಗೆ ಒಬ್ಬ ಕಲಾವಿದೆ ಒಬ್ಬರೇ ಕೇಳುಗರಿಗೆ ಕರೆ ಮಾಡಿ, ಸುಮಾರು ಇಪ್ಪತ್ತೆರಡು ನಿಮಿಷ ಆಡುತ್ತಾಳೆ. ಕೇಳುಗರು ಏನು ಉತ್ತರ ಕೊಡುತ್ತಾರೋ ಅದನ್ನೇ ಹಿಡಿದುಕೊಂಡು ಕಥೆ ಮುಂದೆ ಸಾಗುತ್ತದೆ.

ಪಾತ್ರ 1970ರ ದಶಕದ ಒಬ್ಬ ಟೆಲಿಫೋನ್ ಆಪರೇಟರಳದು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ ಚದುರಿಹೋದವರ ಟ್ರಂಕ್ ಕಾಲ್‌ಗಳನ್ನು, ಅಂದರೆ ದೂರದೂರಿನ ಕರೆಗಳನ್ನು, ಜೋಡಿಸುತ್ತಾ ಕುಳಿತವಳು. ಮೊದಲಿಗೆ ಅವಳು ಕೇಳುಗರನ್ನು ಮನೆಯೊಳಗೇ ಓಡಾಡಿಸುತ್ತಾಳೆ. ಮಳೆ ಜೋರಾಗಿ ಕೇಳಿಸುವ ಜಾಗ ಯಾವುದು, ಅಲ್ಲಿಗೆ ಹೋಗಿ ನಿಲ್ಲಿ ಎನ್ನುತ್ತಾಳೆ. ಕೈಗೆ ಸಿಗುವ ಅತ್ಯಂತ ಹಳೆಯ ವಸ್ತುವನ್ನು ಮುಟ್ಟಿ, ಅದು ತಣ್ಣಗಿದೆಯೇ ಬೆಚ್ಚಗಿದೆಯೇ ಹೇಳಿ ಎನ್ನುತ್ತಾಳೆ. ಕೊನೆಯ ಭಾಗದಲ್ಲಿ, ‘ನೀವು ಯಾರಿಗಾದರೂ ಹೇಳಬೇಕೆಂದಿದ್ದು ಹೇಳದೇ ಉಳಿದ ಮಾತು ಇದೆಯೇ?’ ಎಂದು ಕೇಳುತ್ತಾಳೆ. ಹೆಚ್ಚಿನವರು ಸ್ವಲ್ಪ ಯೋಚಿಸಿ ಒಂದು ಮಾತು ಹೇಳುತ್ತಿದ್ದರು. ಆಕೆ ಅದನ್ನು ಚೀಟಿಯಲ್ಲಿ ಬರೆದುಕೊಂಡಂತೆ ಓದಿ ಹೇಳಿದರೆ ನಾಟಕ ಮುಗಿಯುತ್ತಿತ್ತು.

ಒಂದು ರಾತ್ರಿ ಎಂಬತ್ತರ ಆಚೆಯ ಒಬ್ಬ ಅಜ್ಜಿ, ಮನೆ ಬಿಟ್ಟು ಹೋದ ತಮ್ಮನ ವಿಷಯ ಹೇಳಿದರು. ಅವನು ತೀರಿಕೊಂಡು ಬಹಳ ವರ್ಷಗಳಾದವಂತೆ. ಎಲ್ಲವನ್ನೂ ಹೇಳಿ ಮುಗಿಸಿ, ‘ಹಂಗಾರೆ ಅವನಿಗೆ ಲೈನ್ ಕೊಡು ಮಗಾ’ ಎಂದುಬಿಟ್ಟರು. ನಮ್ಮ ಹುಡುಗಿಗೆ ಏನೂ ತೋಚಲಿಲ್ಲ. ‘ಲೈನ್ ಸಿಗುತ್ತಾ ಇಲ್ಲ ಅಮ್ಮಾ, ಕಾಯುತ್ತೀರಾ?’ ಎಂದಳು. ಅಜ್ಜಿ ಕಾದರು. ಸುಮಾರು ನಾಲ್ಕು ನಿಮಿಷ ಇಬ್ಬರೂ ಮಾತನಾಡಲಿಲ್ಲ. ಆಮೇಲೆ ‘ಇರಲಿ, ನಾಳೆ ನೋಡುವಾ’ ಎಂದು ಅವರೇ ಫೋನ್ ಇಟ್ಟರು. ಆ ರಾತ್ರಿಯ ಉಳಿದ ಎರಡು ಕರೆಗಳನ್ನು ನಮ್ಮ ಹುಡುಗಿ ಮಾಡಲಾರದೇ ಹೋದಳು. ಮರುದಿನ ಅದೇ ಹೊತ್ತಿಗೆ ಅಜ್ಜಿ ಫೋನಿನ ಪಕ್ಕ ಕುಳಿತಿದ್ದರೆಂದು ಆ ಮನೆಯವರಿಂದ ತಿಳಿಯಿತು.

ಈ ವರ್ಷ ಮತ್ತೆ ಆಡಬೇಕೆಂದಿದ್ದೇವೆ. ನಾವು ಮಾಡಿದ್ದು ತಪ್ಪೇ? ಆ ಪ್ರಶ್ನೆಯನ್ನೇ ತೆಗೆದುಹಾಕಬೇಕೇ? ಅಜ್ಜಿಗೆ ಮತ್ತೆ ಕರೆ ಮಾಡಬೇಕೇ? ದಯವಿಟ್ಟು ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳಿ.

ತೀರ್ಥಹಳ್ಳಿಯ ಮೇಷ್ಟ್ರು

ನೇರವಾಗಿ ಹೇಳಿ ಎಂದಿದ್ದೀರಿ, ಹಾಗಾಗಿ ಹೇಳುತ್ತಿದ್ದೇನೆ. ನಿಮ್ಮ ಪ್ರಯತ್ನದ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಇದನ್ನು ನಾಟಕವೆಂದು ಕರೆಯಲು ನನಗೆ ಮನಸ್ಸು ಬರುತ್ತಿಲ್ಲ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ದೇವತೆಗಳು ಬ್ರಹ್ಮನನ್ನು ಕೇಳುವುದೇ ‘ದೃಶ್ಯಂ ಶ್ರವ್ಯಂ ಚ’ ಆದ, ಅಂದರೆ ಕಣ್ಣಿಗೂ ಕಿವಿಗೂ ಸಲ್ಲುವ ಒಂದು ಆಟಿಕೆಯನ್ನು. ನಿಮ್ಮಲ್ಲಿ ದೃಶ್ಯವೂ ಇಲ್ಲ, ಸಭೆಯೂ ಇಲ್ಲ. ಪಕ್ಕದಲ್ಲಿ ಕುಳಿತವನು ನಕ್ಕಾಗ ನಾನೂ ನಗುವುದು, ಅವನು ಗಂಟಲು ಸರಿಮಾಡಿಕೊಂಡಾಗ ನನ್ನ ಕಣ್ಣೂ ತುಂಬುವುದು, ಇದೇ ರಂಗಭೂಮಿಯ ಜೀವ. ಆ ಅಜ್ಜಿಯ ಪಕ್ಕದಲ್ಲಿ ಹಾಗೆ ಯಾರೂ ಇರಲಿಲ್ಲವಾದ್ದರಿಂದಲೇ ಅವರು ನಾಟಕದ ಗೆರೆ ದಾಟಿ ಆಚೆ ಹೋದರು ಎಂಬುದು ನನ್ನ ಎಣಿಕೆ.

ಹೊಸನಗರದ ಅರ್ಥಧಾರಿ

ಮೇಷ್ಟ್ರೇ, ತಮ್ಮ ಮೇಲೆ ಗೌರವವಿಟ್ಟುಕೊಂಡೇ ವಿರೋಧಿಸುತ್ತೇನೆ. ಯಕ್ಷಗಾನದ ಮಾತಿನ ಕೂಟವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬಣ್ಣವಿಲ್ಲ. ಪಂಚೆ ಉಟ್ಟು ಶಾಲು ಹೊದ್ದು ಕುಳಿತ ಅರ್ಥಧಾರಿ ಮಾತಿನಲ್ಲಿಯೇ ಕರ್ಣನಾಗುತ್ತಾನೆ. ಕಣ್ಣು ಮುಚ್ಚಿ ಕೇಳಿದರೂ ಅರ್ಧಕ್ಕಿಂತ ಹೆಚ್ಚು ದಕ್ಕುತ್ತದೆ. ಅದೇ ನಾಟ್ಯಶಾಸ್ತ್ರ ಆಂಗಿಕ (ಮೈಯ ಚಲನೆ), ವಾಚಿಕ (ಮಾತು), ಆಹಾರ್ಯ (ವೇಷಭೂಷಣ), ಸಾತ್ತ್ವಿಕ (ಒಳಗಿನ ಭಾವ) ಎಂದು ನಾಲ್ಕು ಅಭಿನಯಗಳನ್ನು ಹೇಳಿದೆಯಲ್ಲವೇ? ಫೋನು ಎರಡನ್ನು ಕಿತ್ತುಕೊಂಡಿತು, ಎರಡನ್ನು ಉಳಿಸಿತು. ಉಳಿದ ಎರಡರಲ್ಲಿಯೇ ನಮ್ಮ ಹಿರಿಯರು ಬೆಳಗಿನವರೆಗೆ ಪ್ರಸಂಗ ನಡೆಸಿದ್ದಾರೆ.

ಇನ್ನು ಆ ಅಜ್ಜಿಯ ವಿಷಯ. ತಾಳಮದ್ದಳೆಯಲ್ಲಿ ನನ್ನ ಅರ್ಥಗಾರಿಕೆ ಎಷ್ಟೇ ಚೆನ್ನಾಗಿರಲಿ, ಇದಿರು ಅರ್ಥಧಾರಿ ಏನು ಕೇಳುತ್ತಾನೆ ಎಂಬುದು ನನ್ನ ಕೈಯಲ್ಲಿರುವುದಿಲ್ಲ. ನಾನು ಕೊಟ್ಟ ಮಾತಿನ ಎಳೆಯನ್ನೇ ಹಿಡಿದು, ನಾನು ಎಣಿಸದ ಕಡೆಗೆ ಅವನು ಎಳೆದರೆ, ಒಪ್ಪಿಕೊಂಡು ಅಲ್ಲಿಂದಲೇ ಮುಂದುವರಿಸಬೇಕು. ನಿಮ್ಮ ಕಲಾವಿದೆ ತಾನು ಆಪರೇಟರ್ ಎಂದು ಪೀಠಿಕೆ ಹಾಕಿದಳು. ಅಜ್ಜಿ ಅದನ್ನು ಪೂರ್ತಿ ಒಪ್ಪಿಕೊಂಡು, ಆಪರೇಟರಳಿಗೆ ಏನು ಕೇಳಬೇಕೋ ಅದನ್ನೇ ಕೇಳಿದರು. ಗೆರೆ ದಾಟಿದರೆಂದು ಮೇಷ್ಟ್ರು ಹೇಳುತ್ತಾರೆ, ನನಗೆ ಅನ್ನಿಸುವುದು ಬೇರೆ. ಆ ರಾತ್ರಿ ಪ್ರಸಂಗವನ್ನು ನಡೆಸಿದವರು ಅಜ್ಜಿ. ನಿಮ್ಮ ಹುಡುಗಿ ‘ಕಾಯುತ್ತೀರಾ’ ಎಂದದ್ದೂ ಸರಿಯಾದ ಅರ್ಥವೇ. ಅವಳಿಗೆ ನನ್ನ ಅಭಿನಂದನೆ ತಿಳಿಸಿ.

ಆಪ್ತಸಮಾಲೋಚಕಿ, ಶಿವಮೊಗ್ಗ

ಅರ್ಥಧಾರಿಗಳ ಮಾತು ಕೇಳಲು ಚೆನ್ನಾಗಿದೆ, ಆದರೆ ಅಪಾಯವಿರುವುದು ಅಲ್ಲಿಯೇ. ತಾಳಮದ್ದಳೆಯ ಇದಿರಾಳಿ ಪಳಗಿದ ಕಲಾವಿದ, ಅವನಿಗೆ ಪ್ರಸಂಗ ಗೊತ್ತು, ಮುಗಿಯುವ ಹೊತ್ತೂ ಗೊತ್ತು. ಫೋನಿನ ಇನ್ನೊಂದು ತುದಿಯಲ್ಲಿರುವವರು ಯಾರೆಂಬುದು ನಿಮಗೆ ತಿಳಿಯದು. ಮುಖ ಕಾಣುವುದಿಲ್ಲ. ಅಳುತ್ತಿದ್ದಾರೋ, ಸುಮ್ಮನಿದ್ದಾರೋ, ಪಕ್ಕದಲ್ಲಿ ಯಾರಾದರೂ ಇದ್ದಾರೋ ಒಂದೂ ಗೊತ್ತಾಗುವುದಿಲ್ಲ. ಕಿವಿಗೆ ಅಂಟಿಕೊಂಡು ಬರುವ ದನಿ ಎಷ್ಟು ಆಪ್ತವೆಂದರೆ, ಮನೆಯವರಿಗೆ ಹೇಳದ್ದನ್ನು ಜನ ಅಪರಿಚಿತರಿಗೆ ಫೋನಿನಲ್ಲಿ ಹೇಳುತ್ತಾರೆ. ನನ್ನ ವೃತ್ತಿಯಲ್ಲಿ ಇದನ್ನು ಪ್ರತಿದಿನ ನೋಡುತ್ತೇನೆ.

ಆ ಪ್ರಶ್ನೆಯನ್ನು ಕೇಳಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಮೂರು ಮಾತುಗಳನ್ನು ನಾಟಕ ಶುರುವಾಗುವ ಮೊದಲೇ ಕಲಾವಿದೆ ತನ್ನ ಸ್ವಂತ ಹೆಸರಿನಲ್ಲಿ ಹೇಳಬೇಕು: ಇದು ನಾಟಕ, ಯಾವ ಪ್ರಶ್ನೆಗೂ ಉತ್ತರಿಸಲೇಬೇಕೆಂದಿಲ್ಲ, ಯಾವಾಗ ಬೇಕಾದರೂ ‘ಸಾಕು’ ಎನ್ನಬಹುದು. ನಾಟಕ ಮುಗಿದ ಮೇಲೆಯೂ ಪಾತ್ರದಿಂದ ಹೊರಬಂದು ಎರಡು ನಿಮಿಷ ಲೋಕಾಭಿರಾಮವಾಗಿ ಮಾತನಾಡಬೇಕು. ಯಾರಾದರೂ ತೀರಾ ಕುಗ್ಗಿದಂತೆ ಕಂಡರೆ 14416 ಎಂಬ ಟೆಲಿ-ಮಾನಸ್ (ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ) ಸಂಖ್ಯೆಯನ್ನು ಕೊಡಿ. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ನಿಮ್ಮ ಹುಡುಗಿಯ ಜೊತೆಯಲ್ಲಿಯೂ ಅಂದು ರಾತ್ರಿ ಯಾರಾದರೂ ಕುಳಿತು ಮಾತನಾಡಿದರೇ? ಆಕೆಯನ್ನು ಇಲ್ಲಿ ಯಾರೂ ವಿಚಾರಿಸುತ್ತಿಲ್ಲ.

ಸಾಗರದ ಹವ್ಯಾಸಿ ಕಲಾವಿದೆ

ಅಕ್ಕಾ, ಕೇಳಿದ್ದಕ್ಕೆ ಧನ್ಯವಾದ. ಅವಳು ನಮ್ಮ ಮನೆಯ ಮೆತ್ತಿನ ಮೇಲೆ ಕುಳಿತು ಕರೆ ಮಾಡುತ್ತಿದ್ದಳು. ಇಳಿದು ಬಂದವಳು ಬಚ್ಚಲ ಒಲೆಯ ಮುಂದೆ ಕುಳಿತುಕೊಂಡಳು, ನಾನೂ ಪಕ್ಕದಲ್ಲಿ ಕುಳಿತೆ. ಆರಂಭದಲ್ಲಿ ‘ಇದು ನಾಟಕ’ ಎಂದು ನಾವು ಹೇಳುತ್ತಿದ್ದೆವು, ಆದರೆ ‘ಸಾಕು ಎನ್ನಬಹುದು’ ಎಂದು ಹೇಳುತ್ತಿರಲಿಲ್ಲ. ಅದು ನಮ್ಮ ತಪ್ಪು.

ಸೊರಬದವನು, ಈಗ ಬೆಂಗಳೂರು

ಇದು ಹೊಸದೆಂದು ಭಾವಿಸಿದವರಿಗೆ ಒಂದಷ್ಟು ಹಿನ್ನೆಲೆ. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬ ಎಂಜಿನಿಯರ್ ಅಪೆರಾ ರಂಗದಿಂದ ತಂತಿ ಎಳೆದು, ಪ್ರದರ್ಶನಕ್ಕೆ ಬಂದವರು ಎರಡೂ ಕಿವಿಗಳಿಗೆ ಒಂದೊಂದು ರಿಸೀವರ್ ಹಿಡಿದು ಸಂಗೀತ ನಾಟಕವನ್ನು ಕೇಳುವಂತೆ ಮಾಡಿದ್ದ. ಅದೇ ಮುಂದೆ 1890ರಿಂದ 1932ರವರೆಗೆ ಚಂದಾದಾರರಿಗೆ ನಾಟಕ ಕೇಳಿಸುವ ಉದ್ಯಮವಾಯಿತು. ಆದರೆ ಅಲ್ಲಿ ಕೇಳುಗ ಬರೀ ಕೇಳುತ್ತಿದ್ದ, ಅವನ ಮಾತು ರಂಗಕ್ಕೆ ತಲುಪುತ್ತಿರಲಿಲ್ಲ.

ನೀವು ಮಾಡುತ್ತಿರುವುದಕ್ಕೆ ಹತ್ತಿರವಾದದ್ದು ಜರ್ಮನಿಯ ರಿಮಿನಿ ಪ್ರೊಟೊಕಾಲ್ ತಂಡ 2005ರಲ್ಲಿ ಮಾಡಿದ ಪ್ರಯೋಗ. ಕೋಲ್ಕತ್ತಾದ ಕಾಲ್ ಸೆಂಟರಿನಲ್ಲಿ ಕುಳಿತ ಉದ್ಯೋಗಿಯೊಬ್ಬರು ಬರ್ಲಿನ್ನಿನ ಬೀದಿಯಲ್ಲಿ ಮೊಬೈಲ್ ಹಿಡಿದು ನಿಂತ ಪ್ರೇಕ್ಷಕರನ್ನು ‘ಬಲಕ್ಕೆ ತಿರುಗಿ, ಆ ಗೋಡೆಯನ್ನು ನೋಡಿ’ ಎನ್ನುತ್ತಾ ನಡೆಸಿಕೊಂಡು ಹೋಗುತ್ತಿದ್ದರು. 2008ರಲ್ಲಿ ಅದೇ ತಂಡ ಪ್ರೇಕ್ಷಕರನ್ನು ಒಂದು ಕೋಣೆಯಲ್ಲಿ ಕೂರಿಸಿ ಕೋಲ್ಕತ್ತಾದಿಂದ ಕರೆ ಬರುವಂತೆ ಮಾಡಿತು. 2020ರ ಲಾಕ್‌ಡೌನಿನಲ್ಲಿ ಪ್ಯಾರಿಸ್ಸಿನ ತೇಯಾತ್ರ್ ದ ಲಾ ವೀಲ್ ರಂಗಮಂದಿರದ ನಟನಟಿಯರು, ಹೆಸರು ಬರೆಸಿದವರಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ವಿಚಾರಿಸಿ, ಆ ಮಾತುಕತೆಗೆ ಒಪ್ಪುವ ಒಂದು ಕವಿತೆಯನ್ನು ಓದುತ್ತಿದ್ದರು. ಅದೇ ವರ್ಷ ಅಮೆರಿಕದ 600 ಹೈವೇಮೆನ್ ತಂಡ ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಪ್ರೇಕ್ಷಕರನ್ನು ಒಂದೇ ಕರೆಯಲ್ಲಿ ಸೇರಿಸಿ, ಮುದ್ರಿತ ದನಿಯೊಂದರ ಸೂಚನೆಗಳ ಮೂಲಕ ಅವರಿಬ್ಬರನ್ನೇ ನಟರನ್ನಾಗಿಸಿತು. ಆದ್ದರಿಂದ ‘ಇದು ನಾಟಕವೇ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ಒಳ್ಳೆಯ ನಾಟಕವೇ’ ಎಂಬ ಪ್ರಶ್ನೆಗೆ ಬರೋಣ ಎಂದು ನನ್ನ ವಿನಂತಿ.

ತೀರ್ಥಹಳ್ಳಿಯ ಮೇಷ್ಟ್ರು

ಪ್ಯಾರಿಸ್ಸಿನಲ್ಲಿ, ಬರ್ಲಿನ್ನಿನಲ್ಲಿ ಆಯಿತೆಂಬುದು ಉತ್ತರವಾಗುವುದಿಲ್ಲ. ತಾಳಮದ್ದಳೆಯ ಮಾತಿಗೆ ಮಾತ್ರ ನನ್ನ ಬಳಿ ತಕ್ಷಣಕ್ಕೆ ಉತ್ತರವಿಲ್ಲವೆಂದು ಒಪ್ಪುತ್ತೇನೆ.

ಕೊಪ್ಪದ ತೋಟದಮನೆ

ಪ್ಯಾರಿಸ್ಸಿಗೆ ಏಕೆ ಹೋಗಬೇಕು? ದೀಪಾವಳಿಯ ರಾತ್ರಿ ಅಂಟಿಕೆ-ಪಂಟಿಕೆಯವರು ದೀಪ ಹಿಡಿದುಕೊಂಡು ಮನೆಮನೆಗೆ ಬರುತ್ತಾರಲ್ಲ, ಅದು ಇದಲ್ಲದೆ ಮತ್ತೇನು? ಎಲ್ಲರೂ ಒಂದೆಡೆ ಸೇರಿ ನೋಡುವ ಆಟ ಅದಲ್ಲ, ನಿಮ್ಮ ಬಾಗಿಲಿಗೆ ಬಂದು ನಿಮಗಾಗಿಯೇ ಹಾಡುವಂಥದ್ದು. ಬಾಗಿಲು ತೆರೆಯಿರೆಂದು ಮೊದಲು ಹಾಡುತ್ತಾರೆ, ತೆರೆದ ಮೇಲೆ ಮನೆಯವರು ದೀಪಕ್ಕೆ ಎಣ್ಣೆ ಹೊಯ್ಯುತ್ತಾರೆ. ಎಣ್ಣೆ ಹೊಯ್ಯದಿದ್ದರೆ ಆ ದೀಪ ಮುಂದಿನ ಮನೆಗೆ ಹೋಗುವುದು ಹೇಗೆ? ಮಳೆಗಾಲದಲ್ಲಿ ಯಕ್ಷಗಾನದ ಸಣ್ಣ ತಂಡವಾದ ಚಿಕ್ಕಮೇಳದವರು ನಮ್ಮ ಜಗುಲಿಯಲ್ಲಿಯೇ ಗೆಜ್ಜೆ ಕಟ್ಟಿ ಕುಣಿದು ಹೋಗುತ್ತಾರೆ, ನೋಡುವವರು ನಾವು ಮೂರು ಜನ. ಮೂರು ಜನರಿದ್ದರೆ ಆಟವೆನ್ನುವ ಮೇಷ್ಟ್ರು ಒಬ್ಬರಿದ್ದರೆ ಏಕೆ ಅಲ್ಲವೆನ್ನುತ್ತಾರೆ?

ಧ್ವನಿ ತಂತ್ರಜ್ಞ, ಶಿವಮೊಗ್ಗ

ನಾನು ನಾಟಕಗಳಿಗೆ ಧ್ವನಿ ವ್ಯವಸ್ಥೆ ಮಾಡುವವನು. ಆ ನಾಲ್ಕು ನಿಮಿಷದ ಮೌನದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊಬೈಲಿನಲ್ಲಿ ನೀವು ಮಾತು ನಿಲ್ಲಿಸಿದರೆ, ಫೋನು ನಿಮ್ಮ ಕಡೆಯ ಸದ್ದನ್ನು ಕಳುಹಿಸುವುದನ್ನೇ ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ಕರೆ ಕಡಿದುಹೋಯಿತೆಂದು ಆಚೆಯವರು ಭಾವಿಸಬಾರದೆಂದು ಅವರ ಫೋನೇ ಒಂದು ಸಣ್ಣ ಕೃತಕ ಸದ್ದನ್ನು ತುಂಬುತ್ತದೆ. ಅಂದರೆ ಅಜ್ಜಿ ನಾಲ್ಕು ನಿಮಿಷ ಕೇಳಿದ್ದು ನಿಮ್ಮ ಕಲಾವಿದೆಯ ಮೌನವನ್ನಲ್ಲ, ಯಂತ್ರ ತುಂಬಿದ ಸದ್ದನ್ನು. ಮೌನವನ್ನು ಬಳಸಿಕೊಳ್ಳಬೇಕೆಂದರೆ ನಡುನಡುವೆ ಉಸಿರಿನ ಸದ್ದನ್ನೋ, ಒಂದು ‘ಹೂಂ’ ಅನ್ನೋ ಕೇಳಿಸುತ್ತಲೇ ಇರಬೇಕು.

ಇನ್ನೊಂದು ವಿಷಯ. ಮಳೆಯ ಸದ್ದು ಬೇಕೆಂದು ಫೋನಿನ ಹತ್ತಿರ ಏನನ್ನೂ ನುಡಿಸಬೇಡಿ. ಒಂದೇ ಸಮನೆ ಬರುವ ಸದ್ದನ್ನು ಗದ್ದಲವೆಂದು ಭಾವಿಸಿ ಫೋನು ಅಳಿಸಿಹಾಕುತ್ತದೆ. ಕೇಳುಗರನ್ನೇ ಮಳೆ ಕೇಳಿಸುವ ಜಾಗಕ್ಕೆ ಕಳುಹಿಸಿದ್ದು ಬಹಳ ಒಳ್ಳೆಯ ಉಪಾಯ, ಏಕೆಂದರೆ ಅವರ ಸೂರಿನ ನೀರನ್ನು ಯಾವ ಯಂತ್ರವೂ ಅಳಿಸಲಾರದು. ಹಳೆಯ ಮಾದರಿಯ ಕರೆಗಳಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಹಾಯುತ್ತದೆ. ಸಕಾರ, ಶಕಾರಗಳನ್ನು ಬೇರ್ಪಡಿಸುವ ಚೂಪಿನ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ‘ಸಾಲು’ ‘ಶಾಲು’ ಎರಡೂ ಒಂದೇ ಆಗಿ ಕೇಳಿಸಬಹುದು. ಎರಡೂ ಕಡೆ ವೋಲ್ಟೀ (VoLTE, 4ಜಿ ಜಾಲದ ಮೇಲೆಯೇ ಹೋಗುವ ಕರೆ) ಇದ್ದರೆ 7000 ಹರ್ಟ್ಸ್‌ವರೆಗೆ ಹೋಗುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಅದನ್ನು ನಂಬಿಕೊಂಡು ಮಾತು ಬರೆಯಬಾರದು. ಮುಖ್ಯವಾದ ಹೆಸರುಗಳಲ್ಲಿ ಆ ಅಕ್ಷರಗಳು ಬಾರದಂತೆ ನೋಡಿಕೊಳ್ಳಿ.

ರಿಪ್ಪನ್‌ಪೇಟೆಯ ಕೇಳುಗ

ನಾನು ಹುಟ್ಟಿನಿಂದ ದೃಷ್ಟಿಯಿಲ್ಲದವನು. ಎಷ್ಟೋ ನಾಟಕಗಳಿಗೆ ಹೋಗಿದ್ದೇನೆ. ಪ್ರತಿ ಬಾರಿಯೂ ಪಕ್ಕದಲ್ಲಿ ಒಬ್ಬರು ಕುಳಿತು ‘ಈಗ ಅವಳು ಒಳಗೆ ಬಂದಳು, ಈಗ ದೀಪ ಆರಿತು’ ಎಂದು ಪಿಸುಗುಡುತ್ತಿರಬೇಕು, ಸುತ್ತಲಿನವರು ಅವರನ್ನು ಗದರಿಸುತ್ತಿರುತ್ತಾರೆ. ಕಳೆದ ವರ್ಷ ಈ ನಾಟಕದ ಕರೆಯನ್ನು ನಾನೂ ಸ್ವೀಕರಿಸಿದ್ದೆ. ನನ್ನ ಮತ್ತು ನಟಿಯ ನಡುವೆ ಯಾರೂ ಇಲ್ಲದ ಮೊದಲ ನಾಟಕ ಅದು. ನಾನು ಮುಟ್ಟಿದ ಹಳೆಯ ವಸ್ತು ನಮ್ಮ ಅಜ್ಜನ ಕಾಲದ ಹಿತ್ತಾಳೆಯ ಕೊಳಗ. ತಣ್ಣಗಿತ್ತು, ಅಂಚಿನಲ್ಲಿ ಒಂದು ತಗ್ಗು ಇತ್ತು, ಆ ತಗ್ಗು ಹೇಗಾಯಿತೆಂದು ಆಕೆ ಕೇಳಿದಳು. ಅದುವರೆಗೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಮೇಷ್ಟ್ರೇ, ‘ದೃಶ್ಯಂ ಶ್ರವ್ಯಂ ಚ’ ಎಂದು ತಾವು ಬರೆದಾಗ ನನ್ನಂಥವರು ಎಲ್ಲಿ ಕುಳಿತುಕೊಳ್ಳಬೇಕೆಂದು ಯೋಚಿಸಿದ್ದಿರೇ?

ತೀರ್ಥಹಳ್ಳಿಯ ಮೇಷ್ಟ್ರು

ಯೋಚಿಸಿರಲಿಲ್ಲ. ಕ್ಷಮೆ ಕೇಳುತ್ತೇನೆ. ಆ ವಾಕ್ಯವನ್ನು ನಾನು ಹಿಂತೆಗೆದುಕೊಂಡಿದ್ದೇನೆ.

ಭದ್ರಾವತಿಯ ನಿವೃತ್ತ ದೂರವಾಣಿ ನೌಕರ

ನಾನು ಮಲೆನಾಡಿನ ಒಂದು ಸಣ್ಣ ಪೇಟೆಯ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುವ ಬೋರ್ಡಿನ ಮುಂದೆ ಕುಳಿತು ಕೆಲಸ ಮಾಡಿದವನು. ಈ ನಾಟಕ ಕೇಳಿದ ನನ್ನ ಸೋದರಳಿಯನಿಂದ ಕಥೆ ತಿಳಿದುಕೊಂಡೆ. ಮೊದಲು ಒಂದು ತಿದ್ದುಪಡಿ. ನಿಮ್ಮ ಆಪರೇಟರ್ ‘ಡಯಲ್ ಟೋನ್ ಬಂತೇ?’ ಎಂದು ಕೇಳುತ್ತಾಳಂತೆ. ಕೈಯಿಂದ ತಿರುಗಿಸುವ ಮ್ಯಾಗ್ನೆಟೊ ಫೋನುಗಳ ಕಾಲದಲ್ಲಿ ಡಯಲ್ ಟೋನ್ ಎಂಬುದೇ ಇರಲಿಲ್ಲ. ಮನೆಯವರು ಹಿಡಿ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಮೇಲಿನ ಸಣ್ಣ ಶಟರ್ ‘ಟಕ್’ ಎಂದು ಬೀಳುತ್ತಿತ್ತು. ಆ ಜಾಕಿಗೆ ತಂತಿಯ ಪ್ಲಗ್ ಚುಚ್ಚಿ ‘ನಂಬರ್ ಪ್ಲೀಸ್’ ಎನ್ನುತ್ತಿದ್ದೆವು. ಅವರಿಗೆ ಮೊದಲು ಕೇಳಿಸುತ್ತಿದ್ದದ್ದು ಒಬ್ಬ ಮನುಷ್ಯನ ದನಿ. ನಿಮ್ಮ ನಾಟಕಕ್ಕೆ ಇದು ಇನ್ನೂ ಚೆನ್ನಾಗಿ ಒದಗುತ್ತದೆ. ಕರೆ ಎತ್ತಿದೊಡನೆ ಹಲೋ ಎನ್ನದೆ ‘ನಂಬರ್ ಪ್ಲೀಸ್’ ಎನ್ನಿ.

ಟ್ರಂಕ್ ಕಾಲ್ ಬುಕ್ ಮಾಡಿದರೆ ಚೀಟಿ ಬರೆದು ಹೊತ್ತು ಹಾಕಿ ಸಾಲಿನಲ್ಲಿ ಇಡುತ್ತಿದ್ದೆವು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರ್ಜೆಗಳಿದ್ದವು. ಅರ್ಜೆಂಟಿಗೆ ಎರಡು ಪಟ್ಟು, ಲೈಟ್ನಿಂಗಿಗೆ ಎಂಟು ಪಟ್ಟು ದರ. ಇಂಥವರೇ ಬರಬೇಕೆಂದರೆ ಪಿ.ಪಿ. ಕಾಲ್. ಮೂರು ನಿಮಿಷವಾದೊಡನೆ ನಾವು ನಡುವೆ ಬಂದು ‘ಮೂರು ನಿಮಿಷ ಆಯಿತು, ಮುಂದುವರಿಸಲೇ?’ ಎಂದು ಕೇಳಬೇಕಿತ್ತು. ಒಬ್ಬ ತಾಯಿ ಅಳುತ್ತಿರುವಾಗ ಹಾಗೆ ಕೇಳುವುದು ಎಷ್ಟು ಕಷ್ಟವೆಂದು ನನ್ನನ್ನು ಕೇಳಿ. ಕೇಳದಿದ್ದರೆ ಅವರಿಗೆ ಬಿಲ್ಲು ಏರುತ್ತಿತ್ತು, ಕೇಳಿದರೆ ಮಾತು ತುಂಡಾಗುತ್ತಿತ್ತು.

ಈಗ ಆ ಅಜ್ಜಿಯ ವಿಷಯ. ಮಳೆಗಾಲದಲ್ಲಿ ಕಂಬ ಬಿದ್ದು ಇಡೀ ದಿನ ಲೈನ್ ಸಿಗದಿರುವುದು ನಮಗೆ ಸಾಮಾನ್ಯವಾಗಿತ್ತು. ಆಗ ನಾವು ‘ಕಾಯುತ್ತೀರಾ’ ಎಂದು ಹೇಳಿ ಅವರನ್ನು ಹಾಗೆಯೇ ಬಿಟ್ಟುಬಿಡುತ್ತಿರಲಿಲ್ಲ. ಪಾಳಿ ಮುಗಿಯುವ ಹೊತ್ತಿಗೆ ತಿರುಗಿ ಫೋನ್ ಮಾಡಿ, ‘ಬುಕಿಂಗ್ ಕ್ಯಾನ್ಸಲ್ ಮಾಡಲೇ, ಇಟ್ಟುಕೊಳ್ಳಲೇ?’ ಎಂದು ಕೇಳುತ್ತಿದ್ದೆವು. ತೀರ್ಮಾನ ಬುಕ್ ಮಾಡಿದವರದ್ದು. ನಿಮ್ಮ ಹುಡುಗಿ ಆಪರೇಟರ್ ಆಗಿದ್ದರೆ ಅವಳು ಕೇಳಬೇಕಾಗಿದ್ದ ಮಾತು ಅದು. ಅಜ್ಜಿ ಮರುದಿನ ಫೋನಿನ ಪಕ್ಕ ಕುಳಿತದ್ದೂ ಅದಕ್ಕೇ ಇರಬೇಕು. ನಾಟಕವನ್ನು ಅವರು ನಿಜವೆಂದು ನಂಬಿರಲಿಕ್ಕಿಲ್ಲ. ಬುಕಿಂಗ್ ಆದ ಮೇಲೆ ಎಕ್ಸ್‌ಚೇಂಜಿನವರು ತಿರುಗಿ ಕರೆಯುತ್ತಾರೆಂಬುದು ಆ ತಲೆಮಾರಿನವರಿಗೆ ಗೊತ್ತು.

ಹೊಸನಗರದ ಅರ್ಥಧಾರಿ

ಹಿರಿಯರೇ, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮಂಗಳ ಹಾಡದೆ ಪ್ರಸಂಗ ನಿಲ್ಲಿಸಬಾರದೆಂಬುದು ನಮ್ಮಲ್ಲಿಯೂ ಇದೆ. ಈ ನಾಟಕಕ್ಕೆ ಮಂಗಳವಿರಲಿಲ್ಲ, ಅದನ್ನು ತಾವು ಕೊಟ್ಟಿರಿ.

ಆಪ್ತಸಮಾಲೋಚಕಿ, ಶಿವಮೊಗ್ಗ

ತಾವು ಹೇಳಿದ ಕ್ರಮ ನನಗೂ ಹಿಡಿಸಿತು, ಏಕೆಂದರೆ ಮುಗಿಸುವ ಅಧಿಕಾರ ಅದರಲ್ಲಿ ಕೇಳುಗರ ಕೈಯಲ್ಲಿದೆ. ಆದರೂ ನನ್ನ ಒಂದು ಆಕ್ಷೇಪ ಉಳಿಯುತ್ತದೆ. ‘ಇಟ್ಟುಕೊಳ್ಳಿ’ ಎಂದರೆ ಮುಂದೇನು? ಪ್ರತಿ ವಾರ ಕರೆಯುತ್ತೀರಾ? ನಡೆಸಿಕೊಡಲಾಗದ ಮಾತನ್ನು ಪಾತ್ರದ ಬಾಯಿಂದಲೂ ಕೊಡಬೇಡಿ.

ಸೊರಬದವನು, ಈಗ ಬೆಂಗಳೂರು

ನನಗೆ ಬೇರೊಂದು ಚಿಂತೆ. ಗುರುತಿಲ್ಲದ ನಂಬರಿನಿಂದ ಬರುವ ಕರೆಯನ್ನು ಎತ್ತಬೇಡಿ, ಮನೆಯ ವಿಷಯ ಹೇಳಬೇಡಿ ಎಂದು ನಾವೇ ನಮ್ಮ ಅಪ್ಪ ಅಮ್ಮಂದಿರಿಗೆ ದಿನವೂ ಹೇಳುತ್ತಿದ್ದೇವೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಣ ದೋಚುವವರು ಕೂಡ ಪಾತ್ರಧಾರಿಗಳೇ, ಫೋನಿನಲ್ಲಿಯೇ ಆಡುತ್ತಾರೆ. ಹಣ ಕಳೆದುಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡುವ ಈ ಕಾಲದಲ್ಲಿ, ‘ನಿಮ್ಮ ಮನೆಯ ಅತ್ಯಂತ ಹಳೆಯ ವಸ್ತು ಯಾವುದು’ ಎಂದು ಕೇಳುವ ದನಿಯನ್ನು ವೃದ್ಧರು ಹೇಗೆ ನಂಬಬೇಕು? ಇದಕ್ಕೆ ದಾರಿ ಕಂಡುಕೊಳ್ಳದಿದ್ದರೆ ನೀವು ಅರಿಯದೆಯೇ ಅವರ ಎಚ್ಚರಿಕೆಯನ್ನು ಸಡಿಲಿಸಿದಂತಾಗುತ್ತದೆ.

ಕೊಪ್ಪದ ತೋಟದಮನೆ

ಅಂಚೆಯಲ್ಲಿ ಕಾರ್ಡು ಹಾಕಿ. ಪೋಸ್ಟ್ ಕಾರ್ಡಿಗೆ ಈಗಲೂ ಐವತ್ತು ಪೈಸೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ನಂಬರಿನಿಂದ ಕರೆ ಬರುತ್ತದೆಂದು ಕೈಯಲ್ಲಿ ಬರೆದು, ಕೆಳಗೆ ಒಂದು ಗುರುತಿನ ಮಾತನ್ನೂ ಬರೆಯಿರಿ. ಕರೆ ಮಾಡಿದವಳು ಆ ಮಾತನ್ನು ಹೇಳಿದರೆ ಮಾತ್ರ ಮುಂದುವರಿಯಲಿ. ನಮ್ಮ ಅಮ್ಮ ಫೋನನ್ನು ನಂಬುವುದಿಲ್ಲ, ಆದರೆ ಅಂಚೆಯಣ್ಣ ತಂದುಕೊಟ್ಟ ಕಾರ್ಡನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿ ಇಡುತ್ತಾರೆ.

ಧ್ವನಿ ತಂತ್ರಜ್ಞ, ಶಿವಮೊಗ್ಗ

ಕಲಾವಿದೆಯರ ಸುರಕ್ಷತೆಯ ಬಗ್ಗೆ ಯಾರೂ ಕೇಳಲಿಲ್ಲ. ಕೆಟ್ಟದಾಗಿ ಮಾತನಾಡಿದವರು ಇದ್ದರೇ? ಮೂರನೆಯವರು ಕಾನ್ಫರೆನ್ಸಿನಲ್ಲಿ ಕೇಳುತ್ತಿದ್ದರೇ?

ಸಾಗರದ ಹವ್ಯಾಸಿ ಕಲಾವಿದೆ

ಒಟ್ಟು ಅರವತ್ತನಾಲ್ಕು ಕರೆಗಳಲ್ಲಿ ಮೂರನ್ನು ನಡುವೆ ಕಡಿಯಬೇಕಾಯಿತು. ಹೌದು, ಪ್ರತಿ ಕರೆಯಲ್ಲಿಯೂ ನಾನು ಮೌನವಾಗಿ ಕೇಳುತ್ತಿದ್ದೆ. ಕೇಳುಗರಿಗೆ ಅದನ್ನು ಹೇಳಿರಲಿಲ್ಲ. ಬರೆಯುವಾಗಲೇ ಇದು ಸರಿಯಲ್ಲವೆಂದು ಅನ್ನಿಸುತ್ತಿದೆ.

ರಿಪ್ಪನ್‌ಪೇಟೆಯ ಕೇಳುಗ

ನಾನು ಕೊಳಗದ ತಗ್ಗಿನ ಕಥೆ ಹೇಳಿದಾಗಲೂ ನೀವು ಕೇಳುತ್ತಿದ್ದಿರಾ? ನನಗೆ ಬೇಸರವಾಯಿತು. ಇಬ್ಬರೇ ಇದ್ದೇವೆಂದು ತಿಳಿದು ಹೇಳಿದ ಮಾತು ಅದು.

ಭದ್ರಾವತಿಯ ನಿವೃತ್ತ ದೂರವಾಣಿ ನೌಕರ

ಈ ಹುಡುಗನ ಬೇಸರ ನ್ಯಾಯವಾದದ್ದು. ಬೋರ್ಡಿನಲ್ಲಿ ಕುಳಿತ ನಮಗೆ ಊರಿನ ಎಲ್ಲರ ಮಾತೂ ಕೇಳಿಸುತ್ತಿತ್ತು. ಆದರೆ ಕೇಳಿದ್ದನ್ನು ಹೊರಗೆ ಹೇಳಿದರೆ ಶಿಕ್ಷೆಯೆಂದು 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿಯೇ ಇತ್ತು. ಆಪರೇಟರ್ ಇದ್ದಾರೆಂಬುದು ಮಾತನಾಡುವವರಿಗೂ ಗೊತ್ತಿರುತ್ತಿತ್ತು. ನೀವು ಮಾಡಿದ್ದರಲ್ಲಿ ತಪ್ಪಾದದ್ದು ಕೇಳಿದ್ದಲ್ಲ, ತಿಳಿಸದೇ ಕೇಳಿದ್ದು. ಕಾರ್ಡಿನಲ್ಲಿಯೇ ಬರೆಯಿರಿ. ‘ಬೋರ್ಡಿನಲ್ಲಿ ಇನ್ನೊಬ್ಬರು ಇರುತ್ತಾರೆ’ ಎಂದು ನಾಟಕದೊಳಗೇ ಒಂದು ಮಾತು ಸೇರಿಸಿದರೆ ಇನ್ನೂ ಒಳ್ಳೆಯದು.

ಸಾಗರದ ಹವ್ಯಾಸಿ ಕಲಾವಿದೆ

ರಿಪ್ಪನ್‌ಪೇಟೆಯ ಅಣ್ಣಾ, ನನ್ನನ್ನು ಕ್ಷಮಿಸಿ. ನೀವು ಹೇಳಿದ್ದನ್ನು ನಾನು ಯಾರಿಗೂ ಹೇಳಿಲ್ಲ. ಧ್ವನಿಮುದ್ರಣವನ್ನೂ ಮಾಡಿಲ್ಲ.

ಸಾಗರದ ಹವ್ಯಾಸಿ ಕಲಾವಿದೆ

ಹನ್ನೊಂದು ದಿನಗಳ ನಂತರ ಬರೆಯುತ್ತಿದ್ದೇನೆ. ನಿಮ್ಮ ಮಾತುಗಳನ್ನೆಲ್ಲ ಐವರೂ ಕುಳಿತು ಓದಿದೆವು. ಆ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇವೆ, ಆದರೆ ಅದಕ್ಕೂ ಮೊದಲು ‘ಹೇಳಲು ಮನಸ್ಸಿಲ್ಲದಿದ್ದರೆ ಮಳೆಯ ವಿಷಯ ಹೇಳಿ’ ಎಂಬ ದಾರಿಯನ್ನು ತೆರೆದಿಟ್ಟಿದ್ದೇವೆ. ಒಂದು ರಾತ್ರಿಗೆ ಆರು ಕರೆಗಳ ಬದಲು ನಾಲ್ಕೇ. ಕಾರ್ಡುಗಳನ್ನು ಬರೆಯುವುದು ಶುರುವಾಗಿದೆ. ಗುರುತಿನ ಮಾತುಗಳಿಗೆ ಆಯಾ ಮನೆಯ ಹತ್ತಿರದ ಹಳ್ಳದ ಹೆಸರನ್ನು ಇಟ್ಟುಕೊಂಡಿದ್ದೇವೆ, ಸಕಾರ ಶಕಾರ ಇಲ್ಲದಂಥವನ್ನು ಮಾತ್ರ.

ಮನೆಯವರನ್ನು ಕೇಳಿಕೊಂಡು ನಿನ್ನೆ ಸಂಜೆ ಅಜ್ಜಿಗೆ ಕರೆ ಮಾಡಿದೆವು. ನಮ್ಮ ಹುಡುಗಿ ಮೊದಲು ತನ್ನ ಹೆಸರು, ತನ್ನ ಊರು, ತಾನು ಯಾರ ಮಗಳು ಎಂಬುದನ್ನು ಹೇಳಿದಳು. ಅಂದು ಮಾಡಿದ್ದು ನಾಟಕವೆಂದಳು. ನಾನೂ ಕೇಳುತ್ತಿದ್ದೇನೆಂದು ಹೇಳಿದಳು. ಅಜ್ಜಿ ‘ಹೂಂ, ಹೂಂ’ ಎನ್ನುತ್ತಿದ್ದರು. ಆಮೇಲೆ ಅವಳು ಮೆಲ್ಲಗೆ, ‘ಅಮ್ಮಾ, ಆ ಬುಕಿಂಗ್ ಕ್ಯಾನ್ಸಲ್ ಮಾಡಲೇ, ಇಟ್ಟುಕೊಳ್ಳಲೇ?’ ಎಂದು ಕೇಳಿದಳು.

ಅಜ್ಜಿ ತಕ್ಷಣ ಉತ್ತರ ಕೊಡಲಿಲ್ಲ. ಅವರು ಎದ್ದು ಎಲ್ಲಿಗೋ ಹೋದದ್ದು ಕೇಳಿಸಿತು, ಬಾಗಿಲಿನ ಸದ್ದಾಯಿತು. ತಿರುಗಿ ಬಂದು, ‘ಇಟ್ಟಿರು. ನಾನು ಕಾಯ್ತಾ ಕೂರೂದಿಲ್ಲ, ಆದ್ರೆ ಚೀಟಿ ಇರಲಿ’ ಎಂದರು. ಆಮೇಲೆ ನಿಮ್ಮ ಕಡೆ ಅಡಿಕೆಗೆ ಕೊಳೆ ಔಷಧಿ ಎರಡನೇ ಸಲ ಹೊಡೆದಾಯಿತೇ ಎಂದು ವಿಚಾರಿಸಿದರು. ನಮ್ಮ ಹುಡುಗಿಯ ಅಪ್ಪನಿಗೆ ತೋಟವಿಲ್ಲ, ಹಾಗೆಂದು ಹೇಳಿದಳು. ‘ಹಂಗಾರೆ ಗದ್ದೆಯಾ?’ ಎಂದರು. ಗದ್ದೆಯ ಮಾತು ಹತ್ತು ನಿಮಿಷ ನಡೆಯಿತು.

ಆಪ್ತಸಮಾಲೋಚಕಿ, ಶಿವಮೊಗ್ಗ

ನನ್ನ ಆಕ್ಷೇಪಕ್ಕೆ ಅಜ್ಜಿಯೇ ಉತ್ತರ ಕೊಟ್ಟಿದ್ದಾರೆ. ಆ ಚೀಟಿಯನ್ನು ನಿಜವಾಗಿಯೂ ಬರೆದು ಇಟ್ಟುಕೊಳ್ಳಿ, ಕಳೆಯಬೇಡಿ.

ರಿಪ್ಪನ್‌ಪೇಟೆಯ ಕೇಳುಗ

ಈ ವರ್ಷವೂ ನನ್ನ ಹೆಸರು ಬರೆದುಕೊಳ್ಳಿ. ಬೋರ್ಡಿನಲ್ಲಿ ಇನ್ನೊಬ್ಬರು ಇರಲಿ, ಅಡ್ಡಿಯಿಲ್ಲ.

ತೀರ್ಥಹಳ್ಳಿಯ ಮೇಷ್ಟ್ರು

ನನ್ನದೂ ಒಂದು ಕಾರ್ಡು ಇರಲಿ. ನಮ್ಮ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಹಳೆಯ ಲ್ಯಾಂಡ್‌ಲೈನ್ ಇದೆ. ಗಾಳಿ ಬಂದರೆ ಎರಡು ದಿನ ಸತ್ತಿರುತ್ತದೆ, ಆದ್ದರಿಂದ ಒಂದು ಬದಲಿ ದಿನಾಂಕವನ್ನೂ ಕಾರ್ಡಿನಲ್ಲಿ ಬರೆಯಿರಿ. ಲ್ಯಾಂಡ್‌ಲೈನಿನ ವಯರು ಜಗುಲಿಯವರೆಗೆ ಮಾತ್ರ ಬರುತ್ತದೆ. ಮಳೆ ಕೇಳಿಸುವ ಜಾಗಕ್ಕೆ ಹೋಗಿ ಎಂದರೆ ನಾನು ಅಲ್ಲಿಗಿಂತ ಮುಂದೆ ಹೋಗಲಾರೆ ಎಂಬುದನ್ನು ನಿಮ್ಮ ಹುಡುಗಿಗೆ ಮೊದಲೇ ತಿಳಿಸಿರಿ.